ಕೀಬೋರ್ಡ್ ಬಿಟ್ಟು ಬಂದವರು

1970ರ ದಶಕದ ಶುರುವಿನಲ್ಲಿ ಫ್ರೆಂಚ್ ಸಂಗೀತ ಸಂಯೋಜಕಿ ಎಲಿಯಾನ್ ರಾದಿಗ್ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಒಂದು ದೊಡ್ಡ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಯಂತ್ರ, ತಂದರು. ಎಆರ್‌ಪಿ 2500 ಅಂತ ಅದರ ಹೆಸರು. ಅದರ ಜೊತೆ ಬರುವ ಕೀಬೋರ್ಡನ್ನು ಮಾತ್ರ ಬೇಕಂತಲೇ ಅಲ್ಲೇ ಬಿಟ್ಟು ಬಂದರು. ಕೀಬೋರ್ಡ್ ಎದುರಿಗಿದ್ದರೆ ಬೆರಳು ಸುಮ್ನೆ ಇರುತ್ತದಾ? ಏನಾದರೊಂದು ನುಡಿಸಲು ಹೋಗುತ್ತದೆ. ಅವರಿಗೆ ನುಡಿಸುವುದು ಬೇಕಿರಲಿಲ್ಲ. ಒಂದು ಸ್ವರದ ಒಳಗೆ ಏನೇನಿದೆ ಅಂತ ಕೇಳಬೇಕಿತ್ತು.

ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ 'ಜಗತ್ತು ತಡವಾಗಿ ಗುರುತಿಸಿದ ಪ್ರತಿಭೆ' ಅಂತ ಶುರು ಮಾಡುತ್ತಾರೆ. ಜಗತ್ತು ತಡ ಮಾಡಿತು, ನಿಜ. ಆದರೆ ಆ ಮಾತು ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. ಅವರೇನೋ ಬಾಗಿಲಲ್ಲಿ ಕಾಯುತ್ತಾ ಕೂತಿದ್ದರು ಅನ್ನುವ ಹಾಗೆ ಕೇಳಿಸುತ್ತದೆ ಅದು. ಅವರು ಕಾಯುತ್ತಿರಲಿಲ್ಲ. ಹುಡುಕುತ್ತಿದ್ದರು. ಆ ಹುಡುಕಾಟಕ್ಕೆ ಅಷ್ಟು ವರ್ಷ ಬೇಕಿತ್ತು, ಅಷ್ಟೇ.

1932ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದವರು. ಮದುವೆಯಾಗಿದ್ದು ಅರ್ಮಾನ್ ಎಂಬ ಕಲಾವಿದನನ್ನು. ಮೂವರು ಮಕ್ಕಳು. ಸಂಸಾರ ನೀಸ್ ಊರಿನಲ್ಲಿ, ಮನೆ ವಿಮಾನ ನಿಲ್ದಾಣದ ಹತ್ತಿರ. ಬೇರೆಯವರಿಗೆ ತಲೆನೋವಾಗುವ ವಿಮಾನದ ಸದ್ದನ್ನು ಅವರು ಕಿವಿಗೊಟ್ಟು ಕೇಳುತ್ತಿದ್ದರು. ಒಂದೊಂದು ವಿಮಾನದ ದನಿ ಒಂದೊಂದು ಥರ ಅಂತ ಗುರುತಿಸುತ್ತಿದ್ದರು. ಆಮೇಲೆ ರೇಡಿಯೋದಲ್ಲಿ ಪಿಯರ್ ಶೆಫರ್ ಅವರ ಕೆಲಸ ಕೇಳಿದರು. ರೈಲಿನ ಸದ್ದನ್ನೇ ರೆಕಾರ್ಡ್ ಮಾಡಿ, ಜೋಡಿಸಿ ಮಾಡಿದ ಸಂಗೀತ ಅದು. ತಾನು ಒಬ್ಬಳೇ ಕೇಳುತ್ತಿದ್ದದ್ದನ್ನು ಇನ್ನೊಬ್ಬರೂ ಸಂಗೀತ ಅನ್ನುತ್ತಿದ್ದಾರೆ! ಆ ಗಳಿಗೆಯಲ್ಲಿ ಎಷ್ಟು ಧೈರ್ಯ ಬಂದಿರಬೇಕು ಅಲ್ವಾ.

ಶೆಫರ್ ಹತ್ತಿರ ಕಲಿತರು. ಗಂಡನಿಂದ ಬೇರೆಯಾದ ಮೇಲೆ 1967ರಲ್ಲಿ ಪ್ಯಾರಿಸ್‌ಗೆ ಬಂದು, ಶೆಫರ್ ಜೊತೆ ಕೆಲಸ ಮಾಡಿದ್ದ ಸಂಯೋಜಕ ಪಿಯರ್ ಆಂರಿ ಅವರ ಸಹಾಯಕಿಯಾದರು. ಟೇಪ್ ಕತ್ತರಿಸುವುದು, ಅಂಟಿಸುವುದು, ಸಾಲಾಗಿ ಜೋಡಿಸಿಡುವುದು. ಸಂಬಳವಿಲ್ಲದ ಕೆಲಸ. ಇದನ್ನು 'ತರಬೇತಿ' ಅಂತ ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಇಷ್ಟವಿಲ್ಲ. ದೊಡ್ಡವರ ಹೆಸರಿನ ಕೃತಿಗಳ ಹಿಂದೆ ಇಂಥವರ ಎಷ್ಟು ದಿನದ ದುಡಿಮೆ ಇದೆ ಅಂತ ಲೆಕ್ಕ ಇಟ್ಟವರು ಯಾರೂ ಇಲ್ಲ.

ತಮ್ಮ ಸ್ವಂತ ಕೆಲಸಕ್ಕೆ ಅವರು ಆರಿಸಿಕೊಂಡಿದ್ದು ಫೀಡ್‌ಬ್ಯಾಕ್. ಮೈಕ್ ಸ್ಪೀಕರ್ ಹತ್ತಿರ ಹೋದರೆ ಕುಯ್ ಅಂತ ಕೂಗುತ್ತದಲ್ಲ, ಅದೇ. ಎಲ್ಲರೂ ಓಡಿ ಹೋಗಿ ಆಫ್ ಮಾಡುವ ಸದ್ದು. ಅವರು ಮೈಕನ್ನು ಒಂದು ಕೂದಲೆಳೆಯಷ್ಟು ಆ ಕಡೆ, ಈ ಕಡೆ ಸರಿಸುತ್ತಾ ಆ ಕೂಗನ್ನು ಪಳಗಿಸಿದರು. ಜಾಸ್ತಿ ಹತ್ತಿರವಾದರೆ ಕಿರುಚುತ್ತದೆ. ದೂರವಾದರೆ ಸತ್ತೇಹೋಗುತ್ತದೆ. ನಡುವೆ ಎಲ್ಲೋ ಒಂದು ಕಡೆ ಅದು ಉಸಿರಾಡುತ್ತದೆ. ಗುರುಗಳಿಬ್ಬರಿಗೂ ಇದು ಹಿಡಿಸಲಿಲ್ಲ. ರಾದಿಗ್ ಬಿಡಲೂ ಇಲ್ಲ.

ಆಮೇಲೆ ಆ ಎಆರ್‌ಪಿ ಬಂತು. ಅದಕ್ಕೆ ಜೂಲ್ ಅಂತ ಹೆಸರಿಟ್ಟರು. ಸುಮಾರು ಮೂವತ್ತು ವರ್ಷ ಅದೊಂದರ ಜೊತೆಯಲ್ಲೇ ಕೆಲಸ. ಒಂದೊಂದು ಸದ್ದನ್ನೂ ಉದ್ದಕ್ಕೆ ಟೇಪಿಗೆ ತುಂಬಿಸಿ, ಕೊನೆಗೆ ಎಲ್ಲವನ್ನೂ ಒಂದೇ ಸಲಕ್ಕೆ ಬೆರೆಸುತ್ತಿದ್ದರು. ಐವತ್ತನೇ ನಿಮಿಷದಲ್ಲಿ ಕೈ ತಪ್ಪಿದರೆ ಮತ್ತೆ ಮೊದಲಿನಿಂದ.

ನಾನು ಮೊದಲ ಸಲ ಅವರ ಸಂಗೀತ ಕೇಳಿದಾಗ ಐದು ನಿಮಿಷಕ್ಕೇ ನಿಲ್ಲಿಸಿದ್ದೆ. ಏನೂ ಆಗುತ್ತಿಲ್ಲ ಅನ್ನಿಸಿತ್ತು. ಒಂದು ರಾತ್ರಿ ಬೇರೇನೂ ಮಾಡದೆ ಕೂತು ಕೇಳಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ನೋಡಿದರೆ, ಶುರುವಿನಲ್ಲಿದ್ದ ಸದ್ದೇ ಇರಲಿಲ್ಲ. ಯಾವಾಗ ಬದಲಾಯಿತೋ ಗೊತ್ತೇ ಆಗಲಿಲ್ಲ. ಶ್ರುತಿ ಸರಿಯಾಗಿ ಕೂಡಿದ ತಂಬೂರಿಯಲ್ಲಿ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಆ ಥರ ಇಲ್ಲಿ ಒಂದರ ಒಳಗಿಂದ ಇನ್ನೊಂದು ಸ್ವರ ಬರುತ್ತಲೇ ಇರುತ್ತದೆ. ಇದನ್ನು 'ಆಂಬಿಯಂಟ್' ಪಟ್ಟಿಗೆ ಸೇರಿಸಿ ನಿದ್ದೆಗೆ, ಓದಿಗೆ ಅಂತ ಹಾಕಿಕೊಡುತ್ತಾರೆ. ಇಂಗ್ಲಿಷ್ ಸಂಗೀತಗಾರ ಬ್ರಯಾನ್ ಈನೋ 1978ರಲ್ಲಿ ಆಂಬಿಯಂಟ್ ಅಂದಾಗ, ಗಮನ ಕೊಟ್ಟರೂ ಸರಿ, ಕೊಡದಿದ್ದರೂ ಸರಿ ಅನ್ನುವಂಥ ಸಂಗೀತ ಅದು ಎಂದಿದ್ದರು. ರಾದಿಗ್ ಸಂಗೀತಕ್ಕೆ ಗಮನ ಕೊಡದಿದ್ದರೆ ಅದು ಇಲ್ಲವೇ ಇಲ್ಲ. ಈ ವಿಷಯದಲ್ಲಿ ನಾನು ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ.

1970ರ ದಶಕದ ನಡುವೆ ಟಿಬೆಟನ್ ಬೌದ್ಧಮಾರ್ಗ ಹಿಡಿದು, ಕೆಲವು ವರ್ಷ ಸಂಗೀತವನ್ನೇ ಬಿಟ್ಟರು. ಮರಳಿ ಮಾಡು ಅಂತ ಹೇಳಿದವರು ಅವರ ಬೌದ್ಧ ಗುರುಗಳೇ. 1988ರಲ್ಲಿ 'ಕ್ಯೇಮಾ' ಮುಗಿಯಿತು. ಸಾವು ಮತ್ತು ಮರುಹುಟ್ಟಿನ ನಡುವಿನ ದಾರಿಯ ಬಗ್ಗೆ ಮಾಡಿದ ಕೃತಿ. ಮರುವರ್ಷ ಮಗ ಯ್ವ್ ಕಾರು ಅಪಘಾತದಲ್ಲಿ ತೀರಿಕೊಂಡ. ಅವರು ನಿಲ್ಲಿಸಲಿಲ್ಲ. ಇನ್ನೂ ಎರಡು ಭಾಗ ಮಾಡಿದರು. 1993ಕ್ಕೆ ಮುಗಿದ ಆ ಮೂರು ಭಾಗ ಸೇರಿ ಸುಮಾರು ಮೂರು ಗಂಟೆ. ನಡುವಿನ ಭಾಗ 'ಕೈಲಾಶ'. ಅದನ್ನು ಕೇಳುವಾಗ ನನಗೆ ಮಾತೇ ಬರುವುದಿಲ್ಲ, ಹಾಗಾಗಿ ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಎಪ್ಪತ್ತು ದಾಟಿದ ಮೇಲೆ ಅವರು ಮಾಡಿದ್ದು ನೋಡಿ. ಜೂಲ್‌ನನ್ನು ಬಿಟ್ಟರು. ಚಾರ್ಲ್ಸ್ ಕರ್ಟಿಸ್ ಎಂಬ ಚೆಲೋ ವಾದಕನ ಜೊತೆ 'ನಲ್ಜೋರ್ಲಾಕ್' ಮಾಡಿದರು. ಚೆಲೋ ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ. ಅದರಲ್ಲಿ ಒಂದು ಸ್ವರ ಇರುತ್ತದೆ. ಅಲ್ಲಿ ತಂತಿಯ ಕಂಪನಕ್ಕೂ ವಾದ್ಯದ ಮೈಯ ಕಂಪನಕ್ಕೂ ಜಗಳ ಹತ್ತಿ ನಾದ ಒಡೆಯುತ್ತದೆ, ಗುರುಗುಟ್ಟುತ್ತದೆ. ಅದಕ್ಕೆ ತೋಳದ ಸ್ವರ ಅಂತಾರೆ. ವಾದಕರೆಲ್ಲ ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ಇವರಿಬ್ಬರೂ ಇಡೀ ವಾದ್ಯವನ್ನು ಆ ಸ್ವರಕ್ಕೇ ಶ್ರುತಿ ಮಾಡಿದರು! ಫೀಡ್‌ಬ್ಯಾಕ್ ಪಳಗಿಸಿದ ಅದೇ ಕಿವಿ. ನಡುವೆ ಸುಮಾರು ನಲವತ್ತು ವರ್ಷ.

2011ರಲ್ಲಿ ಹಾರ್ಪ್ ವಾದಕ ರೊಡ್ರಿ ಡೇವಿಸ್ ಜೊತೆ 'ಓಕಾಮ್' ಸರಣಿ ಶುರುವಾಯಿತು. ಬರೆದ ಸ್ವರಲಿಪಿ ಇಲ್ಲ. ವಾದಕರು ಪ್ಯಾರಿಸ್‌ನ ಅವರ ಮನೆಗೆ ಹೋಗಬೇಕಿತ್ತು. ನೀರಿನ ಒಂದು ಚಿತ್ರ ಮನಸ್ಸಿನಲ್ಲಿಟ್ಟುಕೊಂಡು, ಹೊಳೆಯೋ ಸಮುದ್ರವೋ, ಇಬ್ಬರೂ ಕೂತು ಕೃತಿ ಕಟ್ಟಬೇಕಿತ್ತು. ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ. ಯಂತ್ರದ ಜೊತೆ ಒಬ್ಬರೇ ಕೂತು ಹುಡುಕಿದ ಸದ್ದು ಕೊನೆಗೆ ಸಿಕ್ಕಿದ್ದು ಬೇರೆಯವರ ಬೆರಳುಗಳಲ್ಲಿ.

ಕೇಳುವುದಾದರೆ 'ಕ್ಯೇಮಾ'ದಿಂದ ಶುರು ಮಾಡಿ. ಫೋನಿನ ಸ್ಪೀಕರ್ ಬೇಡ, ಕೆಳಗಿನ ಸ್ವರಗಳು ಅದರಲ್ಲಿ ಕೇಳುವುದೇ ಇಲ್ಲ. ಹೆಡ್‌ಫೋನ್ ಹಾಕಿ, ಸದ್ದು ಕಮ್ಮಿ ಇಡಿ. ಒಂದು ಗಂಟೆ ಬೇಕು. ಕೇಳಿದ ಮೇಲೆ ನಿಮಗೆ ಎಷ್ಟನೇ ನಿಮಿಷದಲ್ಲಿ ಮೊದಲ ಸಲ ಆ ಇನ್ನೊಂದು ಸ್ವರ ಕೇಳಿಸಿತು ಅಂತ ನನಗೆ ಹೇಳಿ.