ಕೊನೆ ಮೊದಲೇ ಗೊತ್ತಿರುವ ಕಾದಂಬರಿ: ‘ಬೆಲ್ ಕ್ಯಾಂಟೊ’ ಬಗ್ಗೆ ನಮ್ಮೂರಿನ ವಾದ

ಆನ್ ಪ್ಯಾಚೆಟ್ ಅವರ ‘ಬೆಲ್ ಕ್ಯಾಂಟೊ’ ಕಾದಂಬರಿಯ ಬಗ್ಗೆ ಶಿರಸಿಯ ನಮ್ಮ ಓದುಗರ ಬಳಗದಲ್ಲಿ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ಅಂದು ಮಾತಿನ ಭರದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 2001ರಲ್ಲಿ ಪ್ರಕಟವಾಗಿ, ಮರುವರ್ಷ ಆರೆಂಜ್ ಪ್ರಶಸ್ತಿಯನ್ನೂ ಪೆನ್/ಫಾಕ್ನರ್ ಪ್ರಶಸ್ತಿಯನ್ನೂ ಪಡೆದ ಕೃತಿ ಇದು. ಬಳಗದಲ್ಲಿ ಕೆಲವರು ಇದನ್ನು ಮನಸಾರೆ ಮೆಚ್ಚಿದರು, ಉಳಿದವರು ಸಿಟ್ಟಾದರು. ಓದಿ ಸುಮ್ಮನಿದ್ದವರು ಮಾತ್ರ ಯಾರೂ ಇರಲಿಲ್ಲ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದಕ್ಷಿಣ ಅಮೆರಿಕದ, ಹೆಸರು ಹೇಳದ ಒಂದು ದೇಶದ ಉಪಾಧ್ಯಕ್ಷರ ಮನೆಯಲ್ಲಿ ಹೊಸೊಕಾವಾ ಎಂಬ ಜಪಾನಿ ಉದ್ಯಮಿಯ ಹುಟ್ಟುಹಬ್ಬದ ಔತಣ ನಡೆಯುತ್ತಿದೆ. ಆತ ಅಲ್ಲೊಂದು ಕಾರ್ಖಾನೆ ತೆರೆಯಲಿ ಎಂಬ ಆಸೆಯಿಂದ, ಅವನ ಮೆಚ್ಚಿನ ಒಪೆರಾ ಗಾಯಕಿ ರೊಕ್ಸಾನ್ ಕಾಸ್‌ಳನ್ನು ಹಾಡಲು ಕರೆಸಿದ್ದಾರೆ. ಹಾಡು ಮುಗಿಯುವ ಹೊತ್ತಿಗೆ ದೀಪ ಆರಿ, ಬಂದೂಕುಧಾರಿಗಳು ಒಳನುಗ್ಗುತ್ತಾರೆ. ಅವರು ಹಿಡಿಯಲು ಬಂದದ್ದು ದೇಶದ ಅಧ್ಯಕ್ಷನನ್ನು; ಆ ಮಹಾನುಭಾವ ಟೀವಿ ಧಾರಾವಾಹಿ ತಪ್ಪಿಹೋಗಬಾರದೆಂದು ಮನೆಯಲ್ಲೇ ಉಳಿದಿರುತ್ತಾನೆ. ಹೀಗಾಗಿ ಅತಿಥಿಗಳೇ ಒತ್ತೆಯಾಳುಗಳಾಗಿ, ತಿಂಗಳುಗಟ್ಟಲೆ ಒಂದೇ ಸೂರಿನಡಿ ಕಾಲ ಕಳೆಯಬೇಕಾಗುತ್ತದೆ.

ಬಳಗದ ಕಿರಿಯರ ಮುಖ್ಯ ದೂರು, ಕಥೆ ಮುಂದೆ ಹೋಗುವುದೇ ಇಲ್ಲ ಎಂಬುದು. ಅವರು ಹೇಳುವುದೂ ನಿಜ: ನೂರಾರು ಪುಟಗಳಲ್ಲಿ ಜನ ಚದುರಂಗ ಆಡುತ್ತಾರೆ, ಅಡುಗೆ ಮಾಡುತ್ತಾರೆ, ಒಬ್ಬರಿಗೊಬ್ಬರು ಭಾಷೆ ಕಲಿಸುತ್ತಾರೆ, ಸ್ವತಃ ಉಪಾಧ್ಯಕ್ಷನೇ ತನ್ನ ಮನೆಯ ನೆಲ ಒರೆಸುತ್ತಾನೆ. ಆದರೆ ಒತ್ತೆಯಾಳುಗಳೇ ಸಾಯುತ್ತಾರೆಂದು ಎಲ್ಲರೂ ನಂಬಿದ್ದರೂ ಉಳಿಯದೆ ಹೋಗುವವರು ಬಂದೂಕು ಹಿಡಿದು ಬಂದವರು ಎಂದು ಲೇಖಕಿ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿಬಿಡುತ್ತಾರೆ. ಮುಂದೇನಾಗುವುದೋ ಎಂಬ ಕುತೂಹಲವನ್ನು ಅವರಾಗಿಯೇ ಕೈಬಿಟ್ಟಿದ್ದಾರೆ. ಹೊನ್ನಾವರದ ಕಡೆ ಬಾಣಾಸುರ ಕಾಳಗದ ಯಕ್ಷಗಾನ ಆಟಕ್ಕೆ ಹೋಗಿ ಕೂತವರಲ್ಲಿ ಅನಿರುದ್ಧ ಬಿಡುಗಡೆಯಾಗುತ್ತಾನೋ ಇಲ್ಲವೋ ಎಂಬ ಆತಂಕದಿಂದ ಬೆಳಗಿನವರೆಗೆ ಕಾದವರು ಯಾರಿದ್ದಾರೆ? ಭಾಗವತರು ಆ ಪದ್ಯವನ್ನು ಇಂದು ಹೇಗೆ ಎತ್ತುತ್ತಾರೆ, ಉಷೆಯ ವೇಷಧಾರಿ ಅದಕ್ಕೆ ಎಷ್ಟು ಹೊತ್ತು ಅಭಿನಯಿಸುತ್ತಾನೆ ಎಂಬುದಷ್ಟೇ ನಮ್ಮ ಲೆಕ್ಕ. (ಮಲಗಿದ್ದ ಅನಿರುದ್ಧನನ್ನು ದ್ವಾರಕೆಯಿಂದ ಎತ್ತಿ ತಂದವಳು ಉಷೆಯ ಗೆಳತಿ ಚಿತ್ರಲೇಖೆಯೇ ಎಂಬುದನ್ನೂ ನಾವು ಅಪಹರಣವೆಂದು ಎಂದೂ ಆಕ್ಷೇಪಿಸಿದವರಲ್ಲ.)

ಕುಮಟೆಯ ನಿವೃತ್ತ ಅಕ್ಕೋರು (ಶಿಕ್ಷಕಿ) ಎತ್ತಿದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. “ಅಲ್ಲಾ ತಮಾ, ಬಂದೂಕು ಹಿಡಿದವನಿಗೆ ಹಾಡು ಬಂತು ಅಂದ್ರೆ ಅವ ಒಳ್ಳೆಯವ ಆಗಿಬಿಡ್ತಾನಾ?” ಎಂದು ಅವರು ಕೇಳಿದರು. ಅವರ ಮಾತಿನ ಹಿಂದೆ ನಮ್ಮದೇ ನೆನಪುಗಳಿವೆ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದಾಗ, ನಾಡೇ ತನ್ನವನೆಂದುಕೊಂಡ ಒಬ್ಬ ನಟ, ಗಾಯಕ 108 ದಿನ ಕಾಡಿನಲ್ಲಿ ಸೆರೆಯಾಗಿದ್ದರು. ಅವರು ಕ್ಷೇಮವಾಗಿ ಮರಳಿದ್ದರಿಂದ ಆ ದಿನಗಳು ನಮ್ಮ ನೆನಪಿನಲ್ಲಿ ಸ್ವಲ್ಪ ಮೆದುವಾಗಿವೆ. ಎರಡು ವರ್ಷಗಳ ಬಳಿಕ ಅದೇ ವೀರಪ್ಪನ್ ಹೊತ್ತೊಯ್ದ ಮಾಜಿ ಸಚಿವ ಎಚ್. ನಾಗಪ್ಪ ಮಾತ್ರ ಜೀವಂತವಾಗಿ ಮನೆಗೆ ಬರಲಿಲ್ಲ. ಸೆರೆಯನ್ನು ಪ್ರೇಮಕಥೆಯಾಗಿ ಓದುವಾಗ ಈ ಎರಡನೆಯ ಘಟನೆಯನ್ನು ಮರೆಯಬಾರದು ಎಂಬ ಅಕ್ಕೋರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಕಾದಂಬರಿಗೆ ಪ್ರೇರಣೆಯಾದ ನಿಜಘಟನೆಯೂ ಮೆದುವಾದದ್ದಲ್ಲ. 1996ರ ಡಿಸೆಂಬರ್ 17ರಂದು ಪೆರುವಿನ ಲಿಮಾದಲ್ಲಿ, ಜಪಾನ್ ರಾಯಭಾರಿಯ ನಿವಾಸಕ್ಕೆ 14 ಮಂದಿ ಬಂಡುಕೋರರು ನುಗ್ಗಿ ನೂರಾರು ಅತಿಥಿಗಳನ್ನು ಹಿಡಿದರು. ಹಂತಹಂತವಾಗಿ ಹಲವರನ್ನು ಬಿಟ್ಟ ಮೇಲೆ 72 ಮಂದಿ ಕೊನೆಯವರೆಗೂ ಒಳಗೇ ಉಳಿದರು. 126ನೆಯ ದಿನ, 1997ರ ಏಪ್ರಿಲ್ 22ರಂದು, ಬಂಡುಕೋರರಲ್ಲಿ ಕೆಲವರು ಒಳಗಿನ ಹಾಲ್‌ನಲ್ಲಿ ಫುಟ್ಬಾಲ್ ಆಡುತ್ತಿದ್ದ ಹೊತ್ತಿನಲ್ಲಿ ಸೈನಿಕರು ಸುರಂಗ ಸಿಡಿಸಿ ಒಳಬಂದರು. ಒಬ್ಬ ಒತ್ತೆಯಾಳು, ಇಬ್ಬರು ಸೈನಿಕರು ಮತ್ತು 14 ಬಂಡುಕೋರರೆಲ್ಲರೂ ಸತ್ತರು. ಸೆರೆಸಿಕ್ಕ ಒಬ್ಬ ಬಂಡುಕೋರನನ್ನು ಆಮೇಲೆ ಕೊಲ್ಲಲಾಯಿತು ಎಂದು ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 2015ರಲ್ಲಿ ತೀರ್ಪಿತ್ತಿತು. ಸುರಂಗ ಅಗೆಯುವ ಸದ್ದು ಒಳಗೆ ಕೇಳದಿರಲೆಂದು ಹೊರಗಿನಿಂದ ಧ್ವನಿವರ್ಧಕದಲ್ಲಿ ಜೋರಾಗಿ ಮಿಲಿಟರಿ ಸಂಗೀತ ಹಾಕಲಾಗುತ್ತಿತ್ತಂತೆ. ಸಂಗೀತಕ್ಕೆ ಇಂಥ ಉಪಯೋಗವೂ ಉಂಟೆಂಬುದು ಕಾದಂಬರಿ ಓದಿ ಕರಗಿದವರೆಲ್ಲ ಒಮ್ಮೆ ಯೋಚಿಸಬೇಕಾದ ವಿಷಯ.

ಹಾಗೆಂದು ಬಂದೂಕುಧಾರಿಗಳನ್ನು ಲೇಖಕಿ ಖುಲಾಸೆ ಮಾಡಿದ್ದಾರೆ ಎಂಬುದನ್ನು ನಾನು ಒಪ್ಪುವುದಿಲ್ಲ. ರೊಕ್ಸಾನ್‌ಳ ಜೊತೆ ಪಿಯಾನೊ ನುಡಿಸಲು ಬಂದ ಸಕ್ಕರೆ ಕಾಯಿಲೆಯ ಯುವಕ ಇನ್ಸುಲಿನ್ ಇಲ್ಲದೆ ಆರಂಭದಲ್ಲಿಯೇ ಸಾಯುತ್ತಾನೆ, ಆ ಸಾವಿಗೆ ಯಾವ ಹಾಡೂ ಪರಿಹಾರ ಕೊಡುವುದಿಲ್ಲ. ಸಂಧಾನಕ್ಕೆ ಬರುವ ರೆಡ್ ಕ್ರಾಸ್‌ನ ಮೆಸ್ನರ್, ಇದು ಒಳ್ಳೆಯದರಲ್ಲಿ ಮುಗಿಯುವುದಿಲ್ಲ, ಶರಣಾಗಿರಿ ಎಂದು ಕೇಳಿಕೊಳ್ಳುತ್ತಲೇ ಇರುತ್ತಾನೆ. ಅವನ ಮಾತನ್ನು ಅಪಹರಿಸಿದವರೂ ಕೇಳುವುದಿಲ್ಲ. ಸೆರೆಯಾದವರಿಗೂ ದಿನ ಕಳೆದಂತೆ ಅದು ಬೇಡವಾಗುತ್ತದೆ, ಉಪಾಧ್ಯಕ್ಷನಂತೂ ಬಂಡುಕೋರ ಹುಡುಗನೊಬ್ಬನನ್ನು ಸಾಕಿಕೊಳ್ಳುವ ಕನಸು ಕಾಣುತ್ತಾನೆ. ಕೊನೆ ಏನೆಂದು ಮೊದಲೇ ಓದಿಕೊಂಡಿದ್ದ ನಾವೂ ಅವರ ಜೊತೆ ಸೇರಿ ಅದನ್ನು ಮರೆಯುತ್ತೇವೆ. ಗುಂಡು ಹಾರಿದಾಗ ನಮಗೆ ಬರುವ ಸಿಟ್ಟು ಲೇಖಕಿಯ ಮೇಲಿನದೋ, ಮರೆತ ನಮ್ಮ ಮೇಲಿನದೋ ಎಂದು ಬಿಡಿಸಿ ಹೇಳುವುದು ಕಷ್ಟ.

ನನ್ನ ತಕರಾರು ಬೇರೆಯೇ ಇದೆ. ಈ ಮನೆಯಲ್ಲಿ ರೊಕ್ಸಾನ್ ಹಾಡಿದೊಡನೆ ರಾಯಭಾರಿಯಿಂದ ಹಿಡಿದು ಕಾಡಿನಿಂದ ಬಂದ ಹುಡುಗರವರೆಗೆ ಹೆಚ್ಚುಕಡಿಮೆ ಎಲ್ಲರೂ ಮೈಮರೆಯುತ್ತಾರೆ. ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಸಂಗೀತದ ಬೈಠಕ್‌ಗಳಿಗೇನೂ ಕೊರತೆಯಿಲ್ಲ. ಎಷ್ಟೇ ದೊಡ್ಡ ಗಾಯಕರು ಬಂದರೂ ಹಿಂದಿನ ಸಾಲಿನಲ್ಲಿ ವಿಲಂಬಿತ ಮುಗಿಯುವುದನ್ನೇ ಕಾಯುತ್ತ, ಚಹಾ ಯಾವಾಗ ಎಂದು ಪಕ್ಕದವರನ್ನು ಕೇಳುವವರು ಇದ್ದೇ ಇರುತ್ತಾರೆ, ಅವರೇನು ಕೆಟ್ಟವರಲ್ಲ. ಅಂಥ ಒಬ್ಬನಾದರೂ ಈ ಮನೆಯಲ್ಲಿದ್ದು, ದಿನಾ ಬೆಳಿಗ್ಗೆ ಇದೇನು ಗೋಳು ಎಂದು ಗೊಣಗಿದ್ದರೆ ಉಳಿದವರ ತನ್ಮಯತೆಯನ್ನು ನಾನು ಇನ್ನಷ್ಟು ನಂಬುತ್ತಿದ್ದೆ.

ಈ ಕೊರತೆಯನ್ನು ಮುಕ್ಕಾಲುಪಾಲು ತುಂಬುವವನು ಸೆಸಾರ್ ಎಂಬ ಬಂಡುಕೋರ ಹುಡುಗ. ಒಂದು ಬೆಳಿಗ್ಗೆ ರೊಕ್ಸಾನ್ ಏಳುವುದು ತಡವಾದಾಗ, ದಿನವೂ ಕೇಳಿ ಕಿವಿಯಲ್ಲಿ ನಿಂತದ್ದನ್ನು ಅವನು ಅರ್ಥ ತಿಳಿಯದೆಯೇ ಅವಳ ಹಾವಭಾವಗಳ ಸಮೇತ ಹಾಡುತ್ತಾನೆ. ಆಮೇಲೆ ನಾಚಿಕೆಯಿಂದ ಓಡಿಹೋಗಿ ಮರ ಹತ್ತಿ ಕೂರುತ್ತಾನೆ. ಗುರುವಿನ ಕೆಮ್ಮನ್ನೂ ಬಿಡದೆ ಅನುಕರಿಸುವ ಶಿಷ್ಯರನ್ನು ಕಂಡವರಿಗೆ ಇದು ಎಷ್ಟು ಸತ್ಯವೆಂದು ಬಿಡಿಸಿ ಹೇಳಬೇಕಿಲ್ಲ. ಅವಳು ಅವನಿಗೆ ಪಾಠ ಶುರುಮಾಡುವ ಪುಟಗಳು ಇಡೀ ಕೃತಿಯಲ್ಲಿ ಅತ್ಯುತ್ತಮವಾದವು ಎಂಬುದು ನನ್ನ ಅಭಿಪ್ರಾಯ; ಪ್ರೇಮಪ್ರಸಂಗಗಳು ಅವುಗಳ ಮುಂದೆ ತುಸು ಪೇಲವವೇ.

ಇನ್ನು ಕೊನೆಯ ಭಾಗದ ಮದುವೆ. ಅತಿ ಹೆಚ್ಚು ಬೈಗುಳ ಬಿದ್ದದ್ದು ಅದಕ್ಕೆ. ಹೊಸೊಕಾವಾನನ್ನು ಕಳೆದುಕೊಂಡ ರೊಕ್ಸಾನ್, ಬಂಡುಕೋರ ಹುಡುಗಿ ಕಾರ್ಮೆನ್‌ಳನ್ನು ಕಳೆದುಕೊಂಡ ದುಭಾಷಿ ಗೆನ್‌ನನ್ನು ಇಟಲಿಯ ಲುಕ್ಕಾದಲ್ಲಿ ಮದುವೆಯಾಗುವುದು ಬಲವಂತದ ಹೆಣಿಗೆ ಎಂದು ನಮ್ಮ ಬಳಗದ ಬಹುಮತ ತೀರ್ಮಾನಿಸಿತು. ನನಗೆ ಹಾಗೆನಿಸಲಿಲ್ಲ. ಆ ಮನೆಯಲ್ಲಿ ನಡೆದದ್ದನ್ನು ಹೊರಗಿನ ಯಾರಿಗೆ ಹೇಳಿದರೂ ಕೇಳಿದವರು ಅಯ್ಯೋ ಪಾಪ ಎಂದಾರು, ಇಲ್ಲವೇ ಅಪಹರಿಸಿದವರ ಮೇಲೆ ಮಮತೆ ಹುಟ್ಟುವ ಆ ಮನೋರೋಗವಿರಬಹುದು ಎಂದು ಅನುಮಾನಿಸಿಯಾರು. ಕಾರ್ಮೆನ್ ಎಂಬ ಹೆಸರನ್ನು ವಿವರಣೆ ಕೊಡದೆ ಉಚ್ಚರಿಸಬಹುದಾದ ಮನೆಯೊಂದು ಗೆನ್‌ಗೆ ಬೇಕಿತ್ತು, ಅಂಥದೇ ಮನೆ ರೊಕ್ಸಾನ್‌ಳಿಗೂ ಬೇಕಿತ್ತು. ಇದನ್ನು ಹೇಳಿದಾಗ ಅಕ್ಕೋರು, ಹಾಗಾದರೆ ಮದುವೆ ಯಾಕೆ, ವಾರಕ್ಕೊಮ್ಮೆ ಫೋನ್ ಮಾಡಿದ್ದರೆ ಸಾಕಿತ್ತಲ್ಲ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಓದಿದವರು ಯಾರಾದರೂ ಕೆಳಗೆ ಬರೆದರೆ ಮುಂದಿನ ಸಭೆಯಲ್ಲಿ ಅಕ್ಕೋರಿಗೆ ಓದಿ ಹೇಳುತ್ತೇನೆ.