ಟೈಬೀರಿಯಸ್‌ನ ನಾಣ್ಯಕ್ಕೆ ಸುಂಕ ಎಷ್ಟು?

ಚಿತ್ರದುರ್ಗದಲ್ಲಿ ಬೆಳೆದವರಿಗೆ ಚಂದ್ರವಳ್ಳಿ ಎಂದರೆ ಭಾನುವಾರದ ಬುತ್ತಿ, ಕೆರೆಯ ದಂಡೆ, ಅಂಕಲಿ ಮಠದ ಗುಹೆಯ ಕತ್ತಲೆ. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಆ ಜಾಗ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಮೊದಲು ಎಂ.ಎಚ್. ಕೃಷ್ಣ ಅವರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಆ ನೆಲದಲ್ಲಿ ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಯಸ್‌ಗಳೂ ಸಿಕ್ಕಿವೆ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ಈ ನಾಣ್ಯವನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕೆಂಬ ಆಸೆಯಿಂದ, ನಿವೃತ್ತಿಯ ಹಣ ಬಂದ ಮೇಲೆ, 2023ರ ಆರಂಭದಲ್ಲಿ ಲಂಡನ್ನಿನ ಒಂದು ಹರಾಜಿನಲ್ಲಿ ಟೈಬೀರಿಯಸ್‌ನ ದಿನಾರಿಯಸ್ ಒಂದನ್ನು ಕೂಗಿ ಪಡೆದೆ.

ಲಂಡನ್ನಿಗೆ ಏಕೆ ಹೋಗಬೇಕಿತ್ತು ಎಂದು ಕೇಳುವವರಿದ್ದಾರೆ. ಚಂದ್ರವಳ್ಳಿಯಲ್ಲಿ ಮಳೆ ಬಂದು ಮಣ್ಣು ತೊಳೆದುಹೋದಾಗ ಕಾಣುವ ನಾಣ್ಯ ನನ್ನದಲ್ಲ, ಅದನ್ನು ಹೆಕ್ಕಿಕೊಂಡವನದ್ದೂ ಅಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ಬ್ರಿಟಿಷರ ಕಾಲದಿಂದಲೂ ಇದೆ, ಇರಬೇಕಾದದ್ದೂ ಸರಿಯೇ. ಹಾಗಿದ್ದರೂ ಬೆಂಕಿಪೆಟ್ಟಿಗೆಯಲ್ಲಿ ಹತ್ತಿ ಇಟ್ಟು, ಅದರಲ್ಲಿ ಒಂದು ಹಳೆಯ ನಾಣ್ಯ ಇಟ್ಟು, ‘ಮೇಷ್ಟ್ರೇ, ನೋಡ್ರಿ ಇದು, ಮೂರು ಸಾವಿರ ಕೊಟ್ರೆ ಸಾಕು’ ಎಂದು ಮನೆಯ ಬಾಗಿಲಿಗೆ ಬಂದವರು ಒಬ್ಬಿಬ್ಬರಲ್ಲ. ಅದಕ್ಕೆ ಕಾಗದವಿಲ್ಲ, ಎಲ್ಲಿಂದ ಬಂತೆಂಬ ಮಾತಿಲ್ಲ, ಅಸಲಿಯೋ ನಕಲಿಯೋ ಎಂಬುದಕ್ಕೆ ಯಾರೂ ಹೊಣೆಯಲ್ಲ. ಹರಾಜಿನ ಮನೆಯಾದರೆ ಹಿಂದೆ ಯಾರ ಸಂಗ್ರಹದಲ್ಲಿತ್ತು ಎಂಬುದನ್ನು ಬರೆದು ಕೊಡುತ್ತದೆ, ನಕಲಿ ಎಂದು ತಿಳಿದರೆ ಹಣ ಹಿಂದಿರುಗಿಸುತ್ತದೆ. ಆ ಕಾಗದಕ್ಕಾಗಿಯೇ ನಾನು ಹೆಚ್ಚು ಹಣ ತೆತ್ತದ್ದು.

ಕೂಗಿದ ಬೆಲೆ 220 ಪೌಂಡ್, ಅದರ ಮೇಲೆ ಹರಾಜಿನವರ ಶೇ 20ರ ಕಮಿಷನ್ 44 ಪೌಂಡ್, ವಿಮೆ ಸಹಿತ ಸಾಗಣೆಗೆ 26 ಪೌಂಡ್. ಒಟ್ಟು 290 ಪೌಂಡ್, ಆಗಿನ ದರದಲ್ಲಿ ಸುಮಾರು 29,000 ರೂಪಾಯಿ. ವಸ್ತುವಿನ ಬೆಲೆಗೆ ಮಾತ್ರ ಸುಂಕ ಬೀಳುತ್ತದೆ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ, ಸಾಗಣೆಯ ಖರ್ಚು ಮತ್ತು ವಿಮೆಯನ್ನು ಸೇರಿಸಿದ ಮೊತ್ತದ ಮೇಲೆ ಮೊದಲು ಮೂಲ ಸುಂಕ, ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಅನಂತರ ಇವೆಲ್ಲವನ್ನೂ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಸುಂಕಕ್ಕೂ ತೆರಿಗೆ ಕಟ್ಟುವ ಲೆಕ್ಕ ಇದು.

ನನ್ನ ಪಾರ್ಸೆಲ್ಲನ್ನು ಕೊರಿಯರಿನವರು ಸುಂಕ ಪಟ್ಟಿಯ 9804 ಎಂಬ ಶೀರ್ಷಿಕೆಯಡಿ, ಅಂದರೆ ‘ಸ್ವಂತ ಬಳಕೆಗೆ ತರಿಸಿದ ಸರಕು’ ಎಂದು ದಾಖಲಿಸಿದರು. ಮೂಲ ಸುಂಕ ಶೇ 35, ಸರ್ಚಾರ್ಜ್ ಶೇ 3.5, ಆ 138.5ರ ಮೇಲೆ ಶೇ 28ರ ಐಜಿಎಸ್‌ಟಿ; ಕೂಡಿದರೆ ಶೇ 77.28. ಇಪ್ಪತ್ತೊಂಬತ್ತು ಸಾವಿರಕ್ಕೆ 22,411 ರೂಪಾಯಿ. ಆದರೆ ಅದೇ ಪಟ್ಟಿಯ 97ನೇ ಅಧ್ಯಾಯ ಕಲಾಕೃತಿ, ಸಂಗ್ರಹಯೋಗ್ಯ ವಸ್ತು ಮತ್ತು ಪುರಾತನ ವಸ್ತುಗಳಿಗೆಂದೇ ಮೀಸಲಾಗಿದ್ದು, ಅಂಚೆಚೀಟಿಗಳಿಗೆ 9704, ನಾಣ್ಯಶಾಸ್ತ್ರದ ಆಸಕ್ತಿಯ ವಸ್ತುಗಳಿಗೆ 9705 ಎಂದು ಪ್ರತ್ಯೇಕ ಶೀರ್ಷಿಕೆಗಳೇ ಇವೆ. ಆ ಹೆಸರಿನಡಿ ಬಂದಿದ್ದರೆ ನಾನು ಕಟ್ಟಬೇಕಾದ್ದು ಇದರ ಮೂರನೇ ಒಂದು ಭಾಗವೂ ಆಗುತ್ತಿರಲಿಲ್ಲ. ಎರಡು ಸಾವಿರ ವರ್ಷ ಹಳೆಯದೆಂದು ಬಿಲ್ಲಿನಲ್ಲೇ ಬರೆದಿದ್ದ ನಾಣ್ಯ, ಕಾಗದದ ಮೇಲೆ ಶೂ, ಶರ್ಟುಗಳ ಸಾಲಿಗೆ ಸೇರಿತ್ತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎನ್ನುತ್ತಾರಲ್ಲ, ನನಗೆ ಆ ಭಾಗ್ಯವೂ ಇರಲಿಲ್ಲ, ಏಕೆಂದರೆ ಎದುರಿಗೆ ಸುಂಕದವನೇ ಇರಲಿಲ್ಲ. ಇದ್ದದ್ದು ಒಂದು ಮಿಂಚಂಚೆಯ ವಿಳಾಸ ಮತ್ತು ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತನಾಡುವ ಒಬ್ಬ ಹುಡುಗಿ. ‘ಸರ್, ಶೀರ್ಷಿಕೆ ಬದಲಾಯಿಸಬೇಕು ಅಂದ್ರೆ ಮತ್ತೆ ಪರಿಶೀಲನೆಗೆ ಹೋಗುತ್ತೆ, ಅಲ್ಲಿಯವರೆಗೆ ದಿನದ ಬಾಡಿಗೆ ಬೀಳುತ್ತೆ’ ಎಂದಳು. ಹಿಂದಕ್ಕೆ ಕಳಿಸಿಬಿಡೋಣ ಎಂದುಕೊಂಡರೆ ಇನ್ನೊಂದು ಯೋಚನೆ: ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದಿಂದ ಹೊರಗೆ ಕಳಿಸುವುದು ಖಾಸಗಿಯವರಿಗೆ ನಿಷಿದ್ಧ. ನಕಲಿಯಾದರೆ ಹಣ ವಾಪಸು ಎಂಬ ಭರವಸೆಯನ್ನು ನಂಬಿ ಕೊಂಡವನಿಗೆ, ವಸ್ತುವನ್ನು ವಾಪಸು ಕಳಿಸುವುದು ಹೇಗೆಂಬುದು ಆಗ ಹೊಳೆಯಿತು. ಹಣ ಕಟ್ಟಿದೆ.

ಶಾಸನಗಳನ್ನು ಓದಿಸಿದವನಾದ್ದರಿಂದ ಒಂದು ಮಾತು ಇಲ್ಲಿ ಹೇಳಲೇಬೇಕು. ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ನಮ್ಮ ನಾಡಿನ ಹಳೆಯ ಶಾಸನದ ಕಲ್ಲುಗಳ ಮೇಲೆ ತುಂಬಿವೆ. ಎಲೆಯ ಹೇರಿಗೆ ಇಷ್ಟು, ಮೆಣಸಿನ ಹೇರಿಗೆ ಇಷ್ಟು ಎಂದು ದೇವಸ್ಥಾನಕ್ಕೆ ಸಲ್ಲುವ ಪಾಲನ್ನು ಕಲ್ಲಿನಲ್ಲಿ ಕೊರೆಸುತ್ತಿದ್ದರು. ದರ ಹೆಚ್ಚಿತ್ತೋ ಕಡಿಮೆಯಿತ್ತೋ ಬೇರೆ ಮಾತು, ಎತ್ತು ಹೂಡುವ ಮೊದಲೇ ಎಷ್ಟು ತೆರಬೇಕೆಂಬುದು ಸೆಟ್ಟಿಗೆ ಗೊತ್ತಿರುತ್ತಿತ್ತು. ಚಿಲ್ಲರೆ ಸಾಮಾನುಗಳ ಮೇಲಿನ ಸಣ್ಣ ಸುಂಕಗಳನ್ನು ಅಂದು ಕಿರುಕುಳ ಎಂದು ಕರೆಯುತ್ತಿದ್ದರು. ಆ ಪದ ಇಂದಿನ ಅರ್ಥಕ್ಕೆ ಹೇಗೆ ಬಂತೆಂದು ತಿಳಿಯಲು ನನಗೆ ನಿಘಂಟು ಬೇಕಾಗಲಿಲ್ಲ. ಇನ್ನು ಆ ದಿನಾರಿಯಸ್ ನಡೆಯುತ್ತಿದ್ದ ಲೋಕದಲ್ಲೂ ಸುಂಕ ಹಗುರವಾಗಿರಲಿಲ್ಲ: ವಿಯೆನ್ನಾದಲ್ಲಿರುವ ಎರಡನೆಯ ಶತಮಾನದ ಮುಜಿರಿಸ್ ಪಪೈರಸ್ ಎಂಬ ವ್ಯಾಪಾರದ ದಾಖಲೆಯ ಪ್ರಕಾರ, ಕೇರಳದ ಕರಾವಳಿಯಿಂದ ಹೋದ ಸರಕಿಗೆ ರೋಮನ್ ಈಜಿಪ್ಟಿನಲ್ಲಿ ನಾಲ್ಕನೇ ಒಂದು ಭಾಗ ಸುಂಕ. ಶೇ 25. ನಾನು ಕೊಟ್ಟದ್ದು ಅದರ ಮೂರರಷ್ಟು.

ಸುಂಕವೇ ಬೇಡ ಎನ್ನುವ ವಾದ ನನ್ನದಲ್ಲ. ದಾವಣಗೆರೆಯಲ್ಲಿರುವ ನನ್ನ ಸೋದರಳಿಯ ಪುಟ್ಟ ಲೋಹದ ಕಾರುಗಳನ್ನು ಸಂಗ್ರಹಿಸುತ್ತಾನೆ. ಅವನ ಗೋಳು ನನ್ನದಕ್ಕಿಂತ ದೊಡ್ಡದು, ಆದರೂ ಅದರ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. ಆಟಿಕೆಗಳ 9503 ಎಂಬ ಶೀರ್ಷಿಕೆಯೊಳಗೇ ಅಳತೆಗೆ ತಕ್ಕಂತೆ ಕಿರಿದಾಗಿಸಿದ ಮಾದರಿಗಳೂ ಸೇರಿವೆ. ದೇಶದ ಆಟಿಕೆ ತಯಾರಕರನ್ನು ಉಳಿಸಲೆಂದು 2020ರ ಬಜೆಟ್ಟಿನಲ್ಲಿ ಆ ಶೀರ್ಷಿಕೆಯ ಮೂಲ ಸುಂಕ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಚನ್ನಪಟ್ಟಣದ ಬೊಂಬೆ ಮಾಡುವವನ ಹೊಟ್ಟೆಪಾಡಿಗೆ ಅದು ನೆರವಾಗುವುದಾದರೆ ನನ್ನ ಅಳಿಯ ಒಂದು ಕಾರು ಕಡಿಮೆ ಕೊಳ್ಳಲಿ, ಚಿಂತೆಯಿಲ್ಲ. ಆದರೆ ಟೈಬೀರಿಯಸ್‌ನ ದಿನಾರಿಯಸ್ ತಯಾರಿಸುವ ಯಾವ ಕಾರ್ಖಾನೆಯನ್ನು ನನ್ನ 22,411 ರೂಪಾಯಿ ಕಾಪಾಡಿತು? ಹಾಗೆ ಕಾಪಾಡಿದ್ದರೆ ಅದು ಬೆಂಕಿಪೆಟ್ಟಿಗೆಯವರ ಉದ್ಯಮವನ್ನು ಮಾತ್ರ. ಕಾಗದಪತ್ರವಿರುವ ನಾಣ್ಯ ಐವತ್ತು ಸಾವಿರ ದಾಟಿದ ಕೂಡಲೇ ಮೂರು ಸಾವಿರದ, ಕಾಗದವಿಲ್ಲದ ನಾಣ್ಯ ಎಷ್ಟು ಆಕರ್ಷಕವಾಗಿ ಕಾಣುತ್ತದೆ ಎಂಬುದನ್ನು ಹೊಸದಾಗಿ ಸಂಗ್ರಹ ಆರಂಭಿಸಿದ ಹುಡುಗರ ಮುಖದಲ್ಲಿ ನಾನು ಕಂಡಿದ್ದೇನೆ. ಚಂದ್ರವಳ್ಳಿಯ ನೆಲವನ್ನು ಗುದ್ದಲಿಯಿಂದ ಉಳಿಸಬೇಕೆನ್ನುವ ಸರ್ಕಾರವೇ ಆ ಗುದ್ದಲಿಗೆ ಗಿರಾಕಿಗಳನ್ನು ಕಳಿಸಿಕೊಟ್ಟಂತೆ ಇದು. ವಿದೇಶಿ ವಿನಿಮಯ ಪೋಲಾಗುತ್ತದೆ ಎನ್ನುವವರಿಗೆ, ಭಾರತ ವರ್ಷವರ್ಷವೂ ಐದು ಕೋಟಿ ಸೆಸ್ಟರ್ಸ್ ಎಂಬ ರೋಮನ್ ನಾಣ್ಯಗಳನ್ನು ಸೆಳೆದುಕೊಳ್ಳುತ್ತಿದೆ ಎಂದು ರೋಮ್‌ನ ಲೇಖಕ ಪ್ಲಿನಿ ಅಂದೇ ಗೊಣಗಿದ್ದನ್ನು ನೆನಪಿಸುತ್ತೇನೆ. ಅಂದು ಬಂದದ್ದರ ಮುಂದೆ ನಾನು ಕಳಿಸಿದ 290 ಪೌಂಡ್ ಯಾವ ಲೆಕ್ಕ?

ಈಚೆಗೆ ದರಗಳು ಇಳಿದಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಲಾಕೃತಿ, ಪುರಾತನ ವಸ್ತುಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಬಂತು. ನಾನು ಕಟ್ಟಿದಾಗ ಶೇ 35 ಇದ್ದು, ಆಮೇಲೆ 20ಕ್ಕೆ ಇಳಿದಿದ್ದ ಸ್ವಂತ ಬಳಕೆಯ ಆಮದಿನ ಮೂಲ ಸುಂಕವನ್ನು 10ಕ್ಕೆ ಇಳಿಸುವ ಘೋಷಣೆ 2026ರ ಬಜೆಟ್ಟಿನಲ್ಲಾಯಿತು. ಸಂತೋಷ. ಆದರೆ ಒಂದೇ ವಸ್ತುವಿಗೆ ಎರಡು ಹೆಸರು, ಎರಡು ದರ ಎಂಬ ತೊಡಕು ದರ ಇಳಿದ ಮಾತ್ರಕ್ಕೆ ಬಿಡಿಸಿಹೋಗುವುದಿಲ್ಲ. ಸಣ್ಣ ಮೊತ್ತದ ಪಾರ್ಸೆಲ್ಲಿಗೆ ವಿನಾಯಿತಿಯೂ ನಮ್ಮಲ್ಲಿಲ್ಲ: ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗಿದ್ದ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲಿ, ರಾಖಿ ಮತ್ತು ಜೀವರಕ್ಷಕ ಔಷಧಿಗಳನ್ನು ಬಿಟ್ಟು, ತೆಗೆದುಹಾಕಲಾಯಿತು. ವ್ಯಾಪಾರಿಗಳು ಅದನ್ನು ದುರುಪಯೋಗ ಮಾಡಿಕೊಂಡದ್ದು ನಿಜ, ಪೆಟ್ಟು ತಿಂದವರಲ್ಲಿ ನಮ್ಮಂಥವರೂ ಸೇರಿದರು.

ಅಮೆರಿಕದವರ ಪಾಡೂ ಈಗ ಇದೇ ಆಗಿದೆ. ದಾವಣಗೆರೆಯ ನನ್ನ ಗೆಳೆಯರೊಬ್ಬರು ತಮ್ಮಲ್ಲಿ ಹೆಚ್ಚಾದ ಅಂಚೆಚೀಟಿಗಳನ್ನು ಅಲ್ಲಿನ ಸಂಗ್ರಾಹಕರಿಗೆ ಕಳಿಸಿ, ಬಂದ ಹಣದಲ್ಲಿ ತಮಗೆ ಬೇಕಾದದ್ದನ್ನು ಕೊಳ್ಳುತ್ತಿದ್ದರು. 800 ಡಾಲರ್‌ವರೆಗೆ ಸುಂಕವಿಲ್ಲ ಎಂಬ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಅದಕ್ಕೆ ನಾಲ್ಕು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಹೋಗುವ ಬಹುತೇಕ ಪಾರ್ಸೆಲ್ಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಂದು ಮತ್ತೆ ಆರಂಭಿಸಿತು. ಆ ಹೊತ್ತಿಗೆ ಅವರ ಹಳೆಯ ಗಿರಾಕಿ ‘ಸುಂಕ ಎಷ್ಟು ಬೀಳುತ್ತದೋ ತಿಳಿಯದು, ಸದ್ಯಕ್ಕೆ ಬೇಡ’ ಎಂದು ಬರೆದಿದ್ದರು. ಎಷ್ಟು ಬೀಳುತ್ತದೋ ತಿಳಿಯದು ಎಂಬ ಮಾತು ಅಲ್ಲೂ ಇಲ್ಲೂ ಒಂದೇ.

ಹೊರದೇಶದಿಂದ ತರಿಸುವ ಗೆಳೆಯರು ನನ್ನಂತೆ ಆತುರ ಪಡಬೇಡಿ. ಹಣ ಕಳಿಸುವ ಮೊದಲೇ ಮಾರುವವರಿಂದ ಬಿಲ್ಲಿನ ಮೇಲೆ ವಸ್ತುವಿನ ಕಾಲ, ಲೋಹ, ಶೀರ್ಷಿಕೆಯ ಸಂಖ್ಯೆ ಬರೆಸಿಕೊಳ್ಳಿ. ಅದೇ ಸಂಖ್ಯೆಯಲ್ಲಿ ದಾಖಲಿಸುವಿರಾ ಎಂದು ಕೊರಿಯರಿನವರನ್ನು ಬರವಣಿಗೆಯಲ್ಲಿ ಕೇಳಿ. ಬೆಲೆ ಇಳಿಸಿ ಬರೆಯಿರೆಂದು ಯಾರನ್ನೂ ಕೇಳಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ವಸ್ತು.

ಟೈಬೀರಿಯಸ್ ಈಗ ನನ್ನ ಮೇಜಿನ ಖಾನೆಯಲ್ಲಿದ್ದಾನೆ. ಒಂದು ಬದಿಯಲ್ಲಿ ಅವನ ತಲೆ, ಇನ್ನೊಂದು ಬದಿಯಲ್ಲಿ ಕುಳಿತ ಹೆಂಗಸು. ತೆರಿಗೆ ಕೊಡುವುದು ಸರಿಯೇ ಎಂಬ ಪ್ರಶ್ನೆ ಬಂದಾಗ ಯೇಸು ಕೇಳಿ ನೋಡಿದ ನಾಣ್ಯ ಈ ಬಗೆಯದೇ ಎಂದು ಸಂಗ್ರಾಹಕರಲ್ಲಿ ಹಳೆಯ ನಂಬಿಕೆ, ಹಾಗಾಗಿ ಇಂಗ್ಲಿಷಿನವರು ಇದನ್ನು ಕಪ್ಪದ ಕಾಸು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಸುಂಕದ ರಸೀದಿಯನ್ನೂ ಅದರ ಪಕ್ಕದಲ್ಲೇ ಮಡಚಿ ಇಟ್ಟಿದ್ದೇನೆ.