ರಿಲೇ ಓಡಿದ ಮಾರನೆ ದಿನ ಶ್ರೀರಂಗಪಟ್ಟಣಕ್ಕೆ ಹೋಗುವವರಿಗೆ

ಮೈಸೂರಿನಲ್ಲಿ ರಿಲೇ ಓಡಿ ಮುಗಿಸಿದ ತಂಡಗಳ ಮಾರನೆ ದಿನದ ಪ್ಲಾನ್ ಸಾಮಾನ್ಯವಾಗಿ ಹೀಗಿರುತ್ತದೆ: "ಬೆಳಿಗ್ಗೆ ರಂಗನತಿಟ್ಟು, ಆಮೇಲೆ ಪಟ್ಟಣ, ಹಾಗೇ ಕರಿಘಟ್ಟ ಹತ್ತಿ, ಸಂಜೆಗೆ ಕೆಆರ್‌ಎಸ್." ಬ್ಯಾಟನ್ ಇಲ್ಲದ ಇನ್ನೊಂದು ರೇಸು! ಮಧ್ಯಾಹ್ನ ಎರಡು ಗಂಟೆಗೆ ನೋಡಿದರೆ ಅರ್ಧ ಜನ ಕಾರಿನಿಂದ ಇಳಿಯಲ್ಲ, ಉಳಿದರ್ಧ ಜನ ಅವರ ಮೇಲೆ ರೇಗುತ್ತಿರುತ್ತಾರೆ.

ನಾನು ಹೇಳುವುದಿಷ್ಟು. ಶ್ರೀರಂಗಪಟ್ಟಣದ ದ್ವೀಪ ದಾಟಬೇಡಿ. ದ್ವೀಪದೊಳಗೂ ಐದೇ ಜಾಗ ಸಾಕು. ಪಶ್ಚಿಮದ ತುದಿಯಲ್ಲಿ ಶುರು ಮಾಡಿ, ಕಾವೇರಿ ಹರಿಯುವ ದಿಕ್ಕಿಗೇ ಪೂರ್ವಕ್ಕೆ ಹೋಗಿ, ಸಂಗಮದಲ್ಲಿ ಮುಗಿಸಿ. ಈ ಸಾಲನ್ನು ಇತಿಹಾಸದ ಲೆಕ್ಕದಲ್ಲಿ ಹಾಕಿದ್ದಲ್ಲ. ಕಲ್ಲು ಎಷ್ಟು ಹೊತ್ತಿಗೆ ಕಾಯುತ್ತೆ, ತೊಡೆ ಎಷ್ಟು ಹೊತ್ತಿಗೆ ಕೈಕೊಡುತ್ತೆ ಅನ್ನೋದರ ಮೇಲೆ ಹಾಕಿದ್ದು.

ಮೊದಲು ತೊಡೆಯ ವಿಷಯ. ಓಡಿದ ದಿನಕ್ಕಿಂತ ಮಾರನೆ ದಿನ, ಅದಕ್ಕಿಂತ ಮೂರನೆಯ ದಿನ ನೋವು ಜಾಸ್ತಿ ಆಗೋದು ಸಹಜ. ಲ್ಯಾಕ್ಟಿಕ್ ಆಸಿಡ್ ಉಳಿದುಕೊಂಡಿದೆ ಅಂತ ಜಿಮ್‌ಗಳಲ್ಲಿ ಇನ್ನೂ ಹೇಳ್ತಾರೆ. ಅದು ಓಟ ನಿಲ್ಲಿಸಿದ ಒಂದೆರಡು ಗಂಟೆಯೊಳಗೇ ಹೋಗಿರುತ್ತೆ. ನೋವಿಗೆ ಕಾರಣ ಸ್ನಾಯುವಿನ ಎಳೆಗಳಿಗಾದ ಸಣ್ಣ ಸಣ್ಣ ಪೆಟ್ಟು. ಅದರಲ್ಲೂ ಇಳಿಜಾರು ಓಡಿದವರಿಗೆ ಹೆಚ್ಚು, ಯಾಕಂದರೆ ಇಳಿಯುವಾಗ ಮುಂದೊಡೆ ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಹಾಗಾಗಿ ರಿಲೇ ತಂಡದಲ್ಲಿ ಎಲ್ಲರ ಕಾಲೂ ಒಂದೇ ಥರ ಇರಲ್ಲ. ಚಪ್ಪಟೆ ರಸ್ತೆಯ ಪಾಳಿ ಓಡಿದವನು ಕುಣೀತಿರ್ತಾನೆ, ಬೆಟ್ಟ ಇಳಿದವಳಿಗೆ ಹಾಸಿಗೆಯಿಂದ ಏಳೋದೇ ಕಷ್ಟ. ದಿನದ ವೇಗ ನಿರ್ಧರಿಸಬೇಕಾದವಳು ಅವಳು. ಇದನ್ನು ಹಿಂದಿನ ರಾತ್ರಿಯೇ ಒಪ್ಪಿಕೊಂಡುಬಿಡಿ.

ಹೋಗೋದು ಸುಲಭ. ಮೈಸೂರಿನಿಂದ ಸುಮಾರು 15 ಕಿ.ಮೀ. ಪ್ಯಾಸೆಂಜರ್ ರೈಲು ಹತ್ತಿದರೆ ಇಪ್ಪತ್ತು ನಿಮಿಷದ ಮಾತು, ಸ್ಟೇಷನ್ನಿಂದ ರಂಗನಾಥಸ್ವಾಮಿ ದೇವಸ್ಥಾನ ನಡೆಯುವಷ್ಟೇ ದೂರ. ಕಾರಾದರೆ ಊರೊಳಗಿನ ಹಳೇ ರಸ್ತೆ ಹಿಡಿಯಿರಿ. ಬೈಪಾಸ್ ಹತ್ತಿದಿರೋ, ಮಾತಾಡುತ್ತಾ ಮಾತಾಡುತ್ತಾ ಪಟ್ಟಣವನ್ನೇ ದಾಟಿಬಿಡುತ್ತೀರಿ.

ದೇವಸ್ಥಾನ ಎಲ್ಲಕ್ಕಿಂತ ಮೊದಲು, ಒಂಬತ್ತು ಗಂಟೆಯೊಳಗೆ. ಕಾವೇರಿಯ ಮೂರು ರಂಗರಲ್ಲಿ ಇವನು ಆದಿರಂಗ. ಶಿವನಸಮುದ್ರದವನು ಮಧ್ಯರಂಗ, ಶ್ರೀರಂಗದವನು ಅಂತ್ಯರಂಗ. ಬೇಗ ಹೋಗಿ ಅನ್ನೋದು ಭಕ್ತಿಗಿಂತ ಹೆಚ್ಚಾಗಿ ಬೊಬ್ಬೆಯ ಕಾರಣಕ್ಕೆ. ಓಡಿದವರ ಪಾದದಲ್ಲಿ ಒಂದಾದರೂ ನೀರುಬೊಬ್ಬೆ ಇದ್ದೇ ಇರುತ್ತೆ, ಇಲ್ಲಿ ಬರಿಗಾಲು. ಹನ್ನೊಂದರ ಮೇಲೆ ಆ ಕಲ್ಲುಹಾಸು ಕಾದ ಹೆಂಚು. ಬೊಬ್ಬೆ ಚಿಕ್ಕದಿದ್ದರೆ ಒಡೆಯಬೇಡಿ, ಮೇಲೆ ಪ್ಲಾಸ್ಟರ್ ಹಾಕಿ. ದೊಡ್ಡದಾಗಿ ಒತ್ತುತ್ತಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಚರ್ಮ ಕೀಳಬೇಡಿ. ಕಿತ್ತರೆ ಕೆಳಗಿನ ಹಸಿ ಚರ್ಮಕ್ಕೆ ಧೂಳು, ಬಿಸಿ ಎರಡೂ ನೇರವಾಗಿ ತಾಗುತ್ತೆ. ಆ ದಿನ ಶೂ ಬೇಡವೇ ಬೇಡ. ಬಿಚ್ಚೋದು, ಬಗ್ಗೋದು, ಲೇಸು ಕಟ್ಟೋದು ದಿನಕ್ಕೆ ನಾಲ್ಕು ಸಲ ಆದರೆ ಸೊಂಟ ಬೈಯುತ್ತೆ. ಅಗಲವಾದ ಚಪ್ಪಲಿ ಸಾಕು.

ಅಲ್ಲಿಂದ ಹತ್ತಿರದಲ್ಲೇ ಬೈಲಿ ಬಂದೀಖಾನೆ. ಸುಮಾರು 30 ಮೀಟರ್ ಉದ್ದ, 12 ಮೀಟರ್ ಅಗಲ, ನೆಲಮಟ್ಟಕ್ಕಿಂತ ಕೆಳಗಿದೆ. ಗೋಡೆಯಿಂದ ಕಲ್ಲಿನ ಚಪ್ಪಡಿಗಳು ಹೊರಗೆ ಚಾಚಿಕೊಂಡಿವೆ. ಅವುಗಳಲ್ಲಿ ತೂತು, ಕೈದಿಗಳ ಸರಪಳಿ ಬಿಗಿಯಲಿಕ್ಕೆ. 1799ರ ಮುತ್ತಿಗೆಯಲ್ಲಿ ಮೇಲಿನ ಫಿರಂಗಿ ಚಾವಣಿ ಮುರಿದು ಕೆಳಗೆ ಬಿತ್ತಂತೆ, ಈಗಲೂ ಅಲ್ಲೇ ಬಿದ್ದಿದೆ. ಇಳಿಯುವ ಮೆಟ್ಟಿಲು ಹೆಚ್ಚಿಲ್ಲ, ಆದರೂ ಓಡಿದ ತೊಡೆಗೆ ಹತ್ತೋದಕ್ಕಿಂತ ಇಳಿಯೋದೇ ಶಿಕ್ಷೆ. ಅಡ್ಡಡ್ಡವಾಗಿ, ಗೋಡೆಗೆ ಕೈಕೊಟ್ಟು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿಯಿರಿ. ನಗುವವರು ನಗಲಿ. ಇಲ್ಲಿ ಸೆರೆಯಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೈಲಿಯ ಹೆಸರು ನೆನಪಿಟ್ಟುಕೊಳ್ಳಿ, ಮುಂದಿನ ಜಾಗದಲ್ಲಿ ಅವನು ಮತ್ತೆ ಸಿಗುತ್ತಾನೆ.

ಟಿಪ್ಪು ಬಿದ್ದ ಜಾಗದ ಕಲ್ಲು, ಮಸೀದಿಯ ಎರಡು ಮಿನಾರು, ರೈಲ್ವೆ ಜೋಡಿಹಳಿಗಾಗಿ 2017ರಲ್ಲಿ ಇಡಿಯಾಗಿ ನೂರು ಮೀಟರಿಗೂ ಆಚೆ ಸರಿಸಿದ ಮದ್ದಿನಮನೆ ಇವೆಲ್ಲ ದಾರಿಯಲ್ಲಿ ಕಂಡರೆ ಕಣ್ಣು ಹಾಯಿಸಿ. ಹುಡುಕಿಕೊಂಡು ಹೋಗಬೇಡಿ.

ಬಿಸಿಲೇರುವ ಹೊತ್ತಿಗೆ ಆಟೋದಲ್ಲಿ ದರಿಯಾ ದೌಲತ್. ನನ್ನ ಪ್ರಕಾರ ದಿನದ ಅರ್ಧ ಭಾಗ ಇಲ್ಲೇ ಕಳೆಯಬೇಕು. 1784ರ ಬೇಸಿಗೆ ಅರಮನೆ, ಹೆಚ್ಚಿನಂಶ ತೇಗದ ಮರ. ಗೋಡೆಚಿತ್ರಗಳ ಬಣ್ಣಕ್ಕೆ ಬಿಸಿಲು ತಾಗದಿರಲಿ ಅಂತ ಸುತ್ತಲೂ ಪರದೆ ಇಳಿಬಿಟ್ಟಿರುತ್ತಾರೆ. ಹೊರಗಿನ ಬೆಳಕಿಂದ ಬಂದವರಿಗೆ ಮೊದಲು ಏನೂ ಕಾಣಲ್ಲ, ಎರಡು ನಿಮಿಷ ಸುಮ್ಮನೆ ನಿಂತರೆ ಗೋಡೆ ನಿಧಾನಕ್ಕೆ ತೆರೆದುಕೊಳ್ಳುತ್ತೆ. ಬಹಳಷ್ಟು ಜನ ಆ ಎರಡು ನಿಮಿಷವನ್ನೂ ಕೊಡದೆ ವಾಪಸ್ಸಾಗ್ತಾರೆ. ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. ಹೈದರ್, ಟಿಪ್ಪು ಸೇರಿ ಕಂಪನಿಯ ಪಡೆಯನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ. ಹೈದರ್, ಟಿಪ್ಪು ಆನೆಯ ಮೇಲೆ ಹೂವು ಮೂಸುತ್ತಾ ಮೆರವಣಿಗೆಗೆ ಹೊರಟವರ ಹಾಗಿದ್ದಾರೆ. ಇನ್ನೊಂದು ಕಡೆ ಕೆಂಪಂಗಿ ಸಿಪಾಯಿಗಳ ಚೌಕ, ಅದರ ನಡುವೆ ಪಲ್ಲಕ್ಕಿ, ಒಳಗೆ ಬೆರಳು ಕಚ್ಚಿಕೊಂಡು ಕೂತ ಬೈಲಿ. ಮೇಲೆ ಮದ್ದಿನ ಬಂಡಿ ಸಿಡಿಯುತ್ತಿದೆ. ಸೆರೆಸಿಕ್ಕ ಅವನು 1782ರಲ್ಲಿ ಇದೇ ಪಟ್ಟಣದಲ್ಲಿ ತೀರಿಕೊಂಡ. ಬಂದೀಖಾನೆ ಮೊದಲು, ಚಿತ್ರ ಆಮೇಲೆ ಅಂದಿದ್ದು ಈ ಬೆರಳಿಗೋಸ್ಕರ.

ಊಟಕ್ಕೆ ಮುದ್ದೆ ಸಿಗುವ ಕಡೆ ಹೋಗಿ. ಒಂದು ಮುದ್ದೆ, ಬಸ್ಸಾರು ಅಥವಾ ಉಪ್ಪೆಸರು, ಸ್ವಲ್ಪ ಅನ್ನ, ಉಪ್ಪು ಹಾಕಿದ ಮಜ್ಜಿಗೆ. ಓಡಿದವನಿಗೆ ಬೇಕಾದ ಪಿಷ್ಟ, ಉಪ್ಪು, ನೀರು ಎಲ್ಲ ಅಲ್ಲೇ ಬಂತು. ಕಾಳಿನ ಪಲ್ಯವೋ ಮೊಟ್ಟೆಯೋ ಜೊತೆಗಿದ್ದರೆ ಪ್ರೋಟೀನೂ ಆಯಿತು. ಬಾಡೂಟ ಬೇಕೇಬೇಕು ಅನ್ನುವವರು ರಾತ್ರಿಗಿಟ್ಟುಕೊಳ್ಳಿ. ಕಬ್ಬಿನ ಹಾಲು ಒಂದು ಲೋಟ ಸಾಕು, ಅದರಲ್ಲಿ ಸಕ್ಕರೆ ಬೇಕಾದಷ್ಟಿದೆ, ಉಪ್ಪು ಇಲ್ಲ. ಓಆರ್‌ಎಸ್ ದೊಡ್ಡ ಪೊಟ್ಟಣ ಇದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಿ. ಲೋಟಕ್ಕೆ ಸುರಿದು ಕುಡಿದರೆ ಹೊಟ್ಟೆ ಕೆಡುತ್ತೆ. ಪೊಟ್ಟಣ ಇಲ್ಲವಾದರೆ ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರ ತಿಳಿಹಳದಿ ಇದ್ದರೆ ಚಿಂತೆಯಿಲ್ಲ. ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದಿದ್ದರೆ ತಿರುಗಾಟ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ನೋವಿನ ಮಾತ್ರೆಯನ್ನು ನೀರಿಲ್ಲದೆ ಒಣಗಿದ ಮೈಗೆ ನುಂಗಬೇಡಿ, ಹೊಡೆತ ಮೂತ್ರಪಿಂಡಕ್ಕೆ.

ಉಂಡ ಮೇಲೆ ನೆರಳು ಸಿಕ್ಕ ಕಡೆ ಒಂದು ಗಂಟೆ ಅಡ್ಡಾಗಿ. ಇದನ್ನು ಪಟ್ಟಿಯಲ್ಲಿ ಬರೆದುಕೊಂಡೇ ಬನ್ನಿ, ಇಲ್ಲವಾದರೆ ಯಾರೋ ಒಬ್ಬ "ಹೊರಡೋಣ್ವಾ?" ಅಂತ ಶುರು ಮಾಡ್ತಾನೆ.

ಬಿಸಿಲು ಇಳಿದ ಮೇಲೆ ಗಂಜಾಂ ಕಡೆಯ ಗುಂಬಜ್. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ್ದು, ಈಗ ತಂದೆ ತಾಯಿಯ ಪಕ್ಕ ಅವನೂ ಇದ್ದಾನೆ. ಸುತ್ತಲಿನ ನುಣುಪಾದ ಕಪ್ಪು ಕಂಬದ ಮೇಲೊಮ್ಮೆ ಅಂಗೈ ಇಡಿ, ಎಂಥಾ ಬಿಸಿಲಲ್ಲೂ ನೆರಳಿನ ಕಡೆ ತಣ್ಣಗಿರುತ್ತೆ. ಒಳಗೋಡೆಯಲ್ಲಿ ಹುಲಿಪಟ್ಟೆ. ಇಲ್ಲೂ ಬರಿಗಾಲೇ.

ಕೊನೆಗೆ ಸಂಗಮ. ದ್ವೀಪವನ್ನು ಸುತ್ತಿಬಂದ ಕಾವೇರಿಯ ಎರಡು ಕವಲು ಇಲ್ಲಿ ಸೇರುತ್ತವೆ. ದಡದ ಮೆಟ್ಟಿಲ ಮೇಲೆ ಕೂತು ಪಾದ ಅದ್ದಬಹುದು, ಅದಕ್ಕಿಂತ ಮುಂದೆ ಬೇಡ. ಪಾಚಿ ಹಿಡಿದ ಬಂಡೆ, ಅದರ ಪಕ್ಕದಲ್ಲೇ ಕಣ್ಣಿಗೆ ಕಾಣದ ಮಡು, ಸುಳಿ. ಸೋತ ಕಾಲು ಜಾರಿದರೆ ಹಿಡಿದು ನಿಲ್ಲಲ್ಲ, ನೀರಿನಲ್ಲಿ ಮೀನಖಂಡ ಹಿಡಿದುಕೊಂಡರೆ ಈಜು ಬಂದವನೂ ಅಷ್ಟೇ. ಮಳೆಗಾಲದಲ್ಲಿ ಹೋಗುವವರು ಆ ಬೆಳಗಿನ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ, ಹೊರಹರಿವು ನೋಡಿಕೊಂಡೇ ಹೊರಡಿ. ಭರ್ತಿ ಮಟ್ಟ 124.80 ಅಡಿ. ಅದರ ಹತ್ತಿರ ಬಂದು ಗೇಟು ತೆಗೆದಿದ್ದರೆ ದಡಕ್ಕೂ ಇಳಿಯಬೇಡಿ, ರಂಗನತಿಟ್ಟಿನ ದೋಣಿಯನ್ನೂ ನಂಬಿಕೊಳ್ಳಬೇಡಿ. ಆ ಹಕ್ಕಿಧಾಮಕ್ಕೆ ಬೇರೆಯದೇ ಒಂದು ಬೆಳಗು ಮೀಸಲಿಡುವುದು ನ್ಯಾಯ.

ತೆಪ್ಪ ಹತ್ತುವವರು ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಸುತ್ತಲೂ ಸಮನಾಗಿ ಕೂತುಕೊಳ್ಳಿ, ಫೋಟೋಗಾಗಿ ಎಲ್ಲರೂ ಒಂದೇ ಕಡೆ ವಾಲಿದರೆ ಗುಂಡಗಿರುವ ತೆಪ್ಪ ಮಗುಚುತ್ತೆ. ತಿರುಗಿಸಿ ಆಟ ಆಡಿಸುವುದು ಬೇಡ ಅಂತ ತೆಪ್ಪದಣ್ಣನಿಗೆ ಮೊದಲೇ ಹೇಳಿ, ನೀರು ಕಡಿಮೆಯಾದ ಮೈಗೆ ಆ ತಿರುಗಾಟ ಬೇಗ ವಾಂತಿ ತರಿಸುತ್ತೆ.

ವಾಪಸ್ ಬರುವಾಗ ಸ್ಟಿಯರಿಂಗ್ ಯಾರ ಕೈಗೆ ಅನ್ನೋದನ್ನೂ ಯೋಚಿಸಿ. ಕಡಿಮೆ ಓಡಿದವರಿಗೆ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದವರಿಗೆ ಕೊಡಿ. ಸಂಜೆ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೀನಖಂಡ ಹಿಡಿದುಕೊಳ್ಳೋದು ಸರಿಯಾಗಿ ಮೈಸೂರು ಮುಟ್ಟುವ ಹೊತ್ತಿಗೇ.